ಇಂಡಿಕೇಟರು ದೀಪವನ್ನು ಸದಾ ಉರಿಸುವ ಪದ್ಧತಿ

ಮೋಟಾರು ಸೈಕಲ್ಲಿನ ಎಡಬಲಗಳಲ್ಲಿರುವ ಹಳದಿಯ ಇಂಡಿಕೇಟರು ದೀಪಗಳು ತಿರುಗುವ ಸಮಯದಲ್ಲಿ ಮಾತ್ರ ಮಿಣುಕತಕ್ಕವು. ಅವನ್ನು ಗಾಡಿ ಓಡುವಷ್ಟು ಹೊತ್ತೂ ಉರಿಯುವಂತೆ ಗ್ಯಾರೇಜಿನಲ್ಲಿ ಮಾರ್ಪಡಿಸಿಕೊಂಡವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರಸ್ತೆಗಳಲ್ಲಿ ಈಚೆಗೆ ನಮ್ಮ ಕಣ್ಣಿಗೆ ಬೀಳುತ್ತಿದ್ದಾರೆ. ಇದನ್ನು ಹುಡುಗರ ಶೋಕಿಯೆಂದು ಕರೆದು, ನಾಲ್ಕು ಸಾಲು ಬೈದು ಮುಗಿಸುವುದು ಸುಲಭವಾಗಿತ್ತು. ಆದರೆ ಹಾಗೆ ಬೈಯುವ ಅಧಿಕಾರವನ್ನು ನಾವು ಕಳೆದುಕೊಂಡಿದ್ದೇವೆ. ಏಕೆಂದರೆ ಈ ಕೆಲಸವನ್ನು ನಾವೇ ದುಡ್ಡು ಕೊಟ್ಟು ಮಾಡಿಸಿದೆವು. ಅದರ ಫಲವನ್ನು ನಮ್ಮ ಪತ್ರಿಕೆಯ ಕಟ್ಟುಗಳನ್ನು ಒಯ್ಯುವ ಹುಡುಗನೊಬ್ಬನು ಅನುಭವಿಸಿದನು.

ಪತ್ರಿಕೆಯ ಕಟ್ಟುಗಳು ಹೊರಡುವುದು ಕೋಳಿ ಕೂಗುವುದಕ್ಕೆ ಮುಂಚೆ. ಆ ಹೊತ್ತಿನಲ್ಲಿ ನಮ್ಮ ಸೀಮೆಯ ರಸ್ತೆಗಳು ಹೇಗಿರುತ್ತವೆಂಬುದು ಓದುಗರಿಗೆ ಗೊತ್ತಿರುವುದಷ್ಟೆ. ಎರಡು ಪಕ್ಕದಲ್ಲಿಯೂ ತೆಂಗಿನ ತೋಟ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೆರೆಯ ಏರಿಯ ಮೇಲೆ ಮಂಜು. ಎದುರಿಗೆ ಮಟ್ಟೆ ತುಂಬಿದ ಟ್ರಾಕ್ಟರು, ಹಿಂದೆ ಕಾಯಿ ಹೇರಿದ ಟೆಂಪೊ. ಇಂಥಲ್ಲಿ ನಮ್ಮ ಹುಡುಗರು ದೂರದಿಂದಲೇ ಕಾಣಿಸಲೆಂದು, ಮೆಕ್ಯಾನಿಕ್ಕೊಬ್ಬನ ಸಲಹೆಯನ್ನು ಒಪ್ಪಿ, ಮುಂದಿನ ಎರಡು ಮತ್ತು ಹಿಂದಿನ ಎರಡು ಇಂಡಿಕೇಟರುಗಳೂ ಸದಾ ಉರಿಯುವಂತೆ ಮಾಡಿಸಿದೆವು. ನಮ್ಮ ಉದ್ದೇಶವು ಒಳ್ಳೆಯದಾಗಿತ್ತು. ಒಳ್ಳೆಯ ಉದ್ದೇಶವು ಮಾತ್ರ ಸಾಲದೆಂಬುದನ್ನು ಕಲಿಯಲು ಎರಡು ತಿಂಗಳು ಸಾಕಾಯಿತು.

ಕಿಬ್ಬನಹಳ್ಳಿ ಕ್ರಾಸಿನಿಂದ ತುರುವೇಕೆರೆಯ ಕಡೆಗೆ ಹೋಗುತ್ತಿದ್ದ ಆ ಹುಡುಗನು ಒಂದು ಹಳ್ಳಿಯ ದಾರಿಗೆ ಬಲಕ್ಕೆ ತಿರುಗಿದನು. ಅದೇ ಕ್ಷಣದಲ್ಲಿ ಹಿಂದಿದ್ದ ಟೆಂಪೊ ಅವನನ್ನು ಬಲಗಡೆಯಿಂದ ದಾಟಲು ಹೊರಟಿತ್ತು. ಗಾಡಿಯು ತಗುಲಿ ಹುಡುಗನು ಬಿದ್ದನು, ಮುಂಗೈ ಮುರಿಯಿತು. ಪ್ರಾಣ ಉಳಿದುದು ದೈವಕೃಪೆ. ವಿಚಾರಿಸಿದಾಗ ಹುಡುಗನು, "ಇಂಡಿಕೇಟರು ಹಾಕಿಯೇ ತಿರುಗಿದೆ, ಸ್ವಾಮಿ" ಎಂದನು. ಟೆಂಪೊದವನು, "ಕ್ರಾಸಿನಿಂದಲೂ ಅವನ ಹಳದಿ ದೀಪ ಉರಿಯುತ್ತಲೇ ಇತ್ತು, ಸ್ವಾಮಿ. ಈಗ ತಿರುಗುತ್ತಾನೆಂದು ನನಗೆ ಹೇಗೆ ತಿಳಿಯಬೇಕು?" ಎಂದನು. ಇಬ್ಬರೂ ಸತ್ಯವನ್ನೇ ನುಡಿದರು. ಸುಳ್ಳು ನುಡಿದುದು ನಾವು ಹಾಕಿಸಿದ ದೀಪ.

ಈ ಮಾರ್ಪಾಟಿನ ಒಳಗುಟ್ಟನ್ನು ಇಲ್ಲಿ ಸ್ವಲ್ಪ ತಿಳಿಸುವುದು ಉಚಿತ. ಸಾಮಾನ್ಯ ಇಂಡಿಕೇಟರಿನ ಬಲ್ಬಿನಲ್ಲಿ ಒಂದೇ ತಂತು ಇರುತ್ತದೆ. ಚಿಕ್ಕ ಗಾಡಿಗಳಲ್ಲಿ ಅದು ಸಾಧಾರಣವಾಗಿ ೧೦ ವ್ಯಾಟಿನದು. ಅದಕ್ಕೆ ಹೋಗುವ ವಿದ್ಯುತ್ತನ್ನು ಫ್ಲ್ಯಾಶರು ಎಂಬ ಉಪಕರಣವು ಕಡಿದು ಕಡಿದು ಕೊಡುವುದರಿಂದ ದೀಪವು ಮಿಣುಕುತ್ತದೆ. ಒರಟು ಕೆಲಸ ಮಾಡುವವರು ಫ್ಲ್ಯಾಶರನ್ನು ತಪ್ಪಿಸಿ, ಚಾವಿಯ ಕಡೆಯಿಂದ ನೇರವಾಗಿ ತಂತಿ ಎಳೆದುಬಿಡುತ್ತಾರೆ. ಆಗ ಮಿಣುಕುವುದೇ ನಿಂತುಹೋಗುತ್ತದೆ. ಅಲ್ಲದೆ ನಾಲ್ಕು ದೀಪಗಳಿಗೆ ೪೦ ವ್ಯಾಟು ಬೇಕಾಗುತ್ತದೆ. ಅನೇಕ ಹಳೆಯ ಗಾಡಿಗಳ ಹೆಡ್‌ಲೈಟೇ ೩೫ ವ್ಯಾಟಿನದಾಗಿರುವಲ್ಲಿ, ಬ್ಯಾಟರಿಯು ಈ ಹೊರೆಯನ್ನು ಎಷ್ಟು ದಿನ ಹೊತ್ತೀತು? ನಾಜೂಕಾಗಿ ಮಾಡುವವರು ೨೧ ಮತ್ತು ೫ ವ್ಯಾಟಿನ ಎರಡು ತಂತುಗಳುಳ್ಳ ಬಲ್ಬನ್ನು ಹಾಕುತ್ತಾರೆ. ಚಿಕ್ಕ ತಂತು ಸದಾ ಉರಿಯುತ್ತದೆ. ತಿರುಗುವಾಗ ದೊಡ್ಡದು ಮಿಣುಕುತ್ತದೆ. ನಮ್ಮ ಗಾಡಿಗಳಿಗೆ ಹಾಕಿದುದು ಇಂಥದೇ. ಅಂಗಡಿಯ ಮುಂದೆ ನಿಂತು ನೋಡಿದರೆ ವ್ಯತ್ಯಾಸವು ಚೆನ್ನಾಗಿಯೇ ಕಾಣುತ್ತದೆ. ಮಂಜಿನಲ್ಲಿ, ಧೂಳು ಹಿಡಿದ ಗಾಜಿನ ಹಿಂದೆ, ಅಥವಾ ಇಳಿಬಿಸಿಲಿನಲ್ಲಿ, ಮಂದವಾದ ಹಳದಿಯು ತುಸು ಪ್ರಖರವಾದುದನ್ನು ಗುರುತಿಸುವುದು ವೇಗವಾಗಿ ಬರುವವನ ಕಣ್ಣಿಗೆ ಸಾಧ್ಯವಿಲ್ಲ. ಎಲ್‌.ಇ.ಡಿ. ದೀಪ ಹಾಕಿದರೆ ಇನ್ನೊಂದು ತೊಡಕು: ಅದು ಎಳೆಯುವ ವಿದ್ಯುತ್ತು ತೀರ ಕಡಿಮೆಯಾದುದರಿಂದ, ಬಲ್ಬಿಗಾಗಿ ಮಾಡಿದ ಹಳೆಯ ಫ್ಲ್ಯಾಶರು ಲೆಕ್ಕ ತಪ್ಪಿ ದೀಪವನ್ನು ಅತಿವೇಗವಾಗಿ ಮಿಣುಕಿಸುವುದುಂಟು, ಇಲ್ಲವೆ ಮಿಣುಕಿಸದೆ ನಿಲ್ಲುವುದುಂಟು.

ಇಂಡಿಕೇಟರು ಬೆಳಕಿಗಾಗಿ ಇರುವ ದೀಪವಲ್ಲ. ಅದು ಒಂದು ಮಾತು. "ನಾನು ತಿರುಗುತ್ತೇನೆ" ಎಂಬುದೊಂದೇ ಅದರ ಅರ್ಥ. ದೇವಸ್ಥಾನದ ಗಂಟೆಯನ್ನು ಹಗಲಿರುಳೂ ಬಾರಿಸುತ್ತಿದ್ದರೆ ಮಂಗಳಾರತಿಯ ವೇಳೆಯನ್ನು ಊರವರು ತಿಳಿಯುವ ಬಗೆ ಹೇಗೆ? ಸದಾ ಆಡುವ ಮಾತು ಯಾರ ಕಿವಿಗೂ ಬೀಳದು. ಕಾನೂನು ಮಾಡಿದವರು ಇದನ್ನು ಆಲೋಚಿಸಿಯೇ, ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ ೧೦೨ನೆಯ ನಿಯಮದಲ್ಲಿ, ಈ ದೀಪವು ಹಳದಿಯದಾಗಿರಬೇಕೆಂದೂ ನಿಮಿಷಕ್ಕೆ ೬೦ಕ್ಕೆ ಕಡಿಮೆಯಿಲ್ಲದೆ ೧೨೦ಕ್ಕೆ ಹೆಚ್ಚಿಲ್ಲದೆ ಮಿಣುಕಬೇಕೆಂದೂ ಗೊತ್ತುಮಾಡಿದ್ದಾರೆ.

ಇಷ್ಟೇ ಅಲ್ಲ. ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂಬುದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದ ಭಾವ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ ೧೮೨-ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ದಂಡ ತೆರುವವನು ಗಾಡಿಯ ಯಜಮಾನನೇ ಎಂಬುದನ್ನು ನಮ್ಮಂಥವರು ಮರೆಯತಕ್ಕದ್ದಲ್ಲ.

ಅಮೆರಿಕಾ ದೇಶದಲ್ಲಿ ಮೋಟಾರು ಸೈಕಲ್ಲುಗಳ ಮುಂದಿನ ಇಂಡಿಕೇಟರುಗಳು ಸದಾ ಉರಿಯುವುದುಂಟಲ್ಲವೆ ಎಂದು ಕೆಲವರು ಕೇಳುತ್ತಾರೆ. ಉಂಟು. ಅಲ್ಲಿ ತಯಾರಕರೇ ಎರಡು ತಂತುಗಳ ದೀಪವನ್ನು ಜೋಡಿಸಿ, ಆ ದೇಶದ ನಿಯಮಕ್ಕನುಸಾರವಾಗಿ ಕಳುಹಿಸುತ್ತಾರೆ. ಅಲ್ಲಿನ ಚಾಲಕರ ಕಣ್ಣಿಗೂ ಆ ಪದ್ಧತಿಯು ರೂಢಿಯಾಗಿದೆ. ಒಂದು ಊರಿನ ತೂಕದ ಕಲ್ಲನ್ನು ಇನ್ನೊಂದು ಊರಿನ ತಕ್ಕಡಿಗೆ ಹಾಕಿ ವ್ಯಾಪಾರ ಮಾಡಿದರೆ ಮೋಸವಾಗುವುದೆಂಬುದು ತಿಪಟೂರಿನ ಕೊಬ್ಬರಿ ವರ್ತಕರಿಗೆ ನಾವು ಹೇಳಿಕೊಡಬೇಕಾದುದಿಲ್ಲ.

ಆದರೆ ಹಿಂದಿನ ಗಾಡಿಯವನಿಗೆ ತಾನು ಕಾಣಿಸಬೇಕೆಂಬ ಸವಾರನ ಅಪೇಕ್ಷೆಯು ನ್ಯಾಯವಾದುದು. ಅದಕ್ಕೆ ಬೇರೆ ಉಪಾಯಗಳಿವೆ. ೨೦೧೭ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ನು ಓಡುವಷ್ಟು ಹೊತ್ತೂ ತಾನಾಗಿಯೇ ಉರಿಯುವಂತೆ ವ್ಯವಸ್ಥೆಯಾಗಿದೆ. ಹಗಲಿನಲ್ಲಿ ಎದುರಿನವನಿಗೆ ಕಾಣಿಸುವುದೇ ಅದರ ಉದ್ದೇಶ. ಹಳೆಯ ಗಾಡಿಯವರು ಹೆಡ್‌ಲೈಟನ್ನು ಕೈಯಾರೆ ಹಾಕಿಕೊಂಡು, ಡಿಮ್ಮಿನಲ್ಲಿ ಇಟ್ಟುಕೊಂಡರೆ ಅದೇ ಫಲ ದೊರೆಯುತ್ತದೆ. ಹಿಂದುಗಡೆ ಕೆಂಪು ದೀಪವೂ ಕೆಂಪು ರಿಫ್ಲೆಕ್ಟರೂ ಇದ್ದೇ ಇವೆ. ನಿಜವಾದ ರೋಗವೆಂದರೆ, ಕಾಯಿಯ ಚೀಲವನ್ನೋ ಹುಲ್ಲಿನ ಹೊರೆಯನ್ನೋ ಅಥವಾ, ನಮ್ಮಲ್ಲಿ, ಪತ್ರಿಕೆಯ ಕಟ್ಟನ್ನೋ ಹೇರಿ ಅವನ್ನು ಮುಚ್ಚಿಬಿಡುವುದು. ಹೊರೆಯನ್ನು ಒಂದು ಗೇಣು ಮೇಲಕ್ಕೆ ಕಟ್ಟಿ, ದೀಪದ ಮೇಲಿನ ಧೂಳನ್ನು ಒರೆಸಿ, ಚೀಲದ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಅಂಟಿಸಿದರೆ, ಗ್ಯಾರೇಜಿಗೆ ಕೊಡುವ ಹಣದ ಕಾಲುಭಾಗವೂ ಬೇಡ. ನಾವು ಈಗ ನಮ್ಮ ಗಾಡಿಗಳ ಬಲ್ಬುಗಳನ್ನು ಮೊದಲಿನಂತೆ ಮಾಡಿಸಿ ಈ ಏರ್ಪಾಟನ್ನೇ ಅನುಸರಿಸುತ್ತಿದ್ದೇವೆ. ಹುಡುಗನ ಚಿಕಿತ್ಸೆಯ ವೆಚ್ಚವನ್ನೂ ಕೆಲಸವಿಲ್ಲದ ದಿನಗಳ ಸಂಬಳವನ್ನೂ ನಾವು ವಹಿಸಿದುದು ದಾನವಲ್ಲ, ತೆರಬೇಕಾದ ಋಣ.

ಸಾರಿಗೆ ಇಲಾಖೆಯವರಲ್ಲಿಯೂ ಪೋಲೀಸಿನವರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಕೆ.ಎ. ೪೪ ಎಂಬ ಅಂಕೆ ಹೊತ್ತ ಸಾವಿರಾರು ಗಾಡಿಗಳು ತಿಪಟೂರಿನ ಮಾರುಕಟ್ಟೆಗೆ ಹರಾಜಿನ ದಿನ ಬಂದು ಸೇರುತ್ತವೆ. ಅಂಥ ಒಂದು ದಿನ ಪ್ರಾಂಗಣದ ಬಾಗಿಲಲ್ಲಿ ನಿಂತು ದೀಪಗಳನ್ನು ಪರೀಕ್ಷಿಸಿ, ತಪ್ಪಿದ್ದವರಿಗೆ ತಿದ್ದಿಕೊಳ್ಳಲು ಒಂದು ತಿಂಗಳ ಅವಧಿಯನ್ನು ಕೊಡಲಿ. ಅನಂತರ ದಂಡ ವಿಧಿಸಲಿ. ತಿಳಿವಳಿಕೆ ಕೊಡದೆ ರಸೀತಿ ಪುಸ್ತಕವನ್ನು ಮಾತ್ರ ಬಿಚ್ಚಿದರೆ ಜನರು ದೀಪವನ್ನು ತಿದ್ದುವುದಿಲ್ಲ, ದಾರಿಯನ್ನು ಬದಲಾಯಿಸುತ್ತಾರೆ. ಗ್ಯಾರೇಜಿನ ಕುಶಲ ಕೆಲಸಗಾರರೂ ಈ ಕೆಲಸವನ್ನು ಒಲ್ಲೆವೆಂದು ಹೇಳುವ ಧೈರ್ಯ ಮಾಡಬೇಕು. ಗಿರಾಕಿ ಕೇಳಿದುದನ್ನೆಲ್ಲ ಮಾಡಿಕೊಡುವುದು ಕುಶಲತೆಯ ಲಕ್ಷಣವಲ್ಲ.

ರಸ್ತೆಯಲ್ಲಿ ಒಬ್ಬರನ್ನೊಬ್ಬರು ಅರಿಯದ ಜನರು ದೀಪದ ಮಾತನ್ನು ನಂಬಿ ಪ್ರಾಣವನ್ನು ಒಪ್ಪಿಸಿಕೊಂಡು ನಡೆಯುತ್ತಾರೆ. ಆ ನಂಬಿಕೆಯನ್ನು ಕಾಯುವುದಕ್ಕೆ ಪ್ರತಿಯೊಂದು ಕ್ರಾಸಿನಲ್ಲಿಯೂ ಪೋಲೀಸನ್ನು ನಿಲ್ಲಿಸಲಾಗದು. ಸ್ವತಂತ್ರ ದೇಶದ ಪ್ರಜೆಯು ತನ್ನ ಗಾಡಿಯ ಎರಡು ಹಳದಿ ದೀಪಗಳನ್ನಾದರೂ ತಾನೇ ಕಾಯಬೇಡವೆ?