ಮೊಡವೆಗೆ ಮದ್ದುಂಟು, ಕಪ್ಪಿಗೆ ಯಾಕೆ?



ಮೊಡವೆಗೆ ಡಾಕ್ಟರು ಬರೆದುಕೊಡೋ ಟ್ರೆಟಿನಾಯಿನ್ ಕ್ರೀಮಿನ ಚರಿತ್ರೆ ಗೊತ್ತಾ? ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯ ಕೈದಿಗಳ ಮೈಮೇಲೆ ಪ್ರಯೋಗ ನಡೆಸಿದ. ಅವರಲ್ಲಿ ಬಹುಪಾಲು ಕಪ್ಪು ಜನ. ಈ ಔಷಧಿಯ ಪರೀಕ್ಷೆಯೂ ಅಲ್ಲೇ ನಡೆಯಿತು. ನಗರಾಡಳಿತ ಕ್ಷಮೆ ಕೇಳಿದ್ದು 2022ರಲ್ಲಿ! ಪ್ರಯೋಗಕ್ಕೆ ಕಪ್ಪು ಚರ್ಮ ಬೇಕು, ಗೌರವಕ್ಕೆ ಬೇಡ.

ನಾನೂ ಈ ಕ್ರೀಮು ಹಚ್ಚಿದವನೇ. ರಾತ್ರಿ ಹೊತ್ತು, ಬಟಾಣಿ ಕಾಳಿನಷ್ಟು. ಮೊದಲ ವಾರಗಳಲ್ಲಿ ಉರಿ, ಸಿಪ್ಪೆ ಏಳೋದು. ಮೂರು ತಿಂಗಳಿಗೆ ಮೊಡವೆ ಇಳೀತು. ಔಷಧಿ ಮೇಲೆ ನನ್ನ ತಕರಾರಿಲ್ಲ. "ಏನ್ರೀ, ಬೆಳ್ಳಗಾಗೋಕೆ ಹೊರಟಿದ್ದೀರಾ?" ಅಂತ ಆಫೀಸಿನಲ್ಲಿ ಕಿಸಕ್ಕಂದವರ ಮೇಲಿದೆ. ಬಣ್ಣ ನೋಡಿ ಜಾತಿ ಅಳೆಯೋ ಚಾಳಿ ಅದು.

ಆ ಚಾಳಿಯಿಂದಲೇ ವ್ಯಾಪಾರ ಕೂಡ. ಇದೇ ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್, ಹೈಡ್ರೋಕ್ವಿನೋನ್ ಬೆರೆಸಿದ ಟ್ಯೂಬು ಇರೋದು ಬಂಗಿಗೆ, ಅದೂ ಸ್ವಲ್ಪ ಕಾಲಕ್ಕೆ. ಅದನ್ನೇ ಬೆಳ್ಳಗಾಗೋ ಕ್ರೀಮು ಅಂತ ಚೀಟಿಯಿಲ್ಲದೆ ಮಾರ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಮುಖ ಕೆಂಪಾಗುತ್ತೆ, ಮೊಡವೆ ಇನ್ನೂ ಹೆಚ್ಚುತ್ತೆ. ಚರ್ಮಕ್ಕೆ ಹಚ್ಚೋ ಸ್ಟೀರಾಯ್ಡನ್ನು ಚೀಟಿಯಿಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಪಾಲಿಸೋರು ಯಾರು? ಕೇಳೋರು ಯಾರು?

ಕೇರಿಯ ತಂಗಿ ತಮ್ಮಂದಿರೇ, ಮೊಡವೆಯಾದರೆ ಡಾಕ್ಟರ ಹತ್ತಿರ ಹೋಗಿ. ಗರ್ಭಿಣಿಯರು ಟ್ರೆಟಿನಾಯಿನ್ ಮುಟ್ಟಬೇಡಿ. ಕೈಗೆ ಬಂದ ಟ್ಯೂಬಿನ ಮೇಲಿರೋ ಹೆಸರು ಓದಿ. ನಮ್ಮ ಕಪ್ಪಿಗೆ ಮದ್ದು ಬೇಡ. ಕಾಯಿಲೆ ಇರೋದು ನೋಡೋರ ಕಣ್ಣಲ್ಲಿ.

ಜೈ ಭೀಮ್.