ಎಳೆಯರ ಕೈಗೆ ಅಚ್ಚಿನ ಹಾಳೆ

ಶಿಶುವಿಹಾರದ ಮಕ್ಕಳಿಗೆ ಚುಕ್ಕಿ ಕೂಡಿಸುವ, ಬಣ್ಣ ತುಂಬುವ ‘ವರ್ಕ್‌ಷೀಟು’ಗಳನ್ನು ಹಂಚುವುದು ಈಗ ವಾಡಿಕೆಯಾಗಿದೆ. ಅವು ಬೇಡವೇ ಬೇಡವೆಂದು ನಾನು ಹೇಳಲಾರೆ. ಆದರೆ ಹಾಳೆಯ ಮೇಲಿನ ಮೂರು ಮಾವಿನಹಣ್ಣುಗಳನ್ನು ಎಣಿಸುವ ಮುನ್ನ ಮಗುವು ಮೂರು ಹುಣಿಸೆಬೀಜಗಳನ್ನು ಅಂಗೈಯಲ್ಲಿ ಹಿಡಿದು ನೋಡಿರಬೇಕಷ್ಟೆ? 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯರ ಶಾಲೆ ತೆರೆದ ಫ್ರೋಬೆಲ್ ಮಹಾಶಯನು ಮಕ್ಕಳ ಕೈಗೆ ಮೊದಲು ಕೊಟ್ಟುದು ನೂಲಿನ ಚೆಂಡನ್ನು, ಬಳಿಕ ಮರದ ಗೋಳ, ಘನಗಳನ್ನು; ಕಾಗದದ ಸರದಿ ಆಮೇಲಿನದು. ನಮ್ಮಲ್ಲಿ ಈ ಕ್ರಮವೇ ತಲೆಕೆಳಗಾಗಿದೆ.

ಕಾರಣವೂ ಗೂಢವೇನಲ್ಲ. ಮರಳಿನಲ್ಲಿ ತಿದ್ದಿದ ಅಕ್ಷರ ಮನೆಗೆ ಬಾರದು, ಹಾಳೆ ಬರುತ್ತದೆ; ಅದರ ಮೇಲಿನ ಕೆಂಪು ಗುರುತು ಓದುಬಾರದ ತಾಯಿಯ ಕಣ್ಣಿಗೂ ಬೀಳುತ್ತದೆ. (ನನ್ನ ತಾಯಿಯೂ ಅಂಥವಳೇ; ಆ ಆಸೆಯನ್ನು ಹಳಿಯಲು ನನಗೆ ಬಾಯಿಲ್ಲ.) ಹಾಗಾದರೆ ಉಪಾಧ್ಯಾಯಿನಿಯರು ವಾರಕ್ಕೊಂದು ಹಾಳೆ ಕೊಟ್ಟು, ಉಳಿದ ದಿನಗಳಲ್ಲಿ ಆ ತಾಯಿಯನ್ನು ಬಾಗಿಲಲ್ಲಿ ತುಸು ನಿಲ್ಲಿಸಿ, ಮಗುವಿನಿಂದಲೇ ಬೀಜ ಎಣಿಸಿ ತೋರಿಸಬಾರದೇಕೆ?