ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಸಂಘದ ಜಗಲಿಯಲ್ಲಿ ಕೇಳಿಬರುವ ಮಾತು ಒಂದೇ: "ಆಳು ಸಿಗುವುದಿಲ್ಲ." ಸಿಕ್ಕ ಆಳನ್ನು ನಾವು ಹೇಗೆ ನಡೆಸಿಕೊಂಡೆವು ಎಂಬ ಮಾತು ಮಾತ್ರ ಅಲ್ಲಿ ಬರುವುದು ಅಪರೂಪ. ಸುಳ್ಯ, ಪುತ್ತೂರು ಕಡೆಗಳಲ್ಲಿ ಐವತ್ತು ವರ್ಷಗಳಿಂದ ನಮ್ಮ ನೆರೆಯಲ್ಲೇ ಇದ್ದರೂ ನಾವು ಇಂದಿಗೂ 'ಸಿಲೋನಿನವರು' ಎಂದೇ ಕರೆಯುವ ಕುಟುಂಬಗಳ ಹೆಂಗಸರ ಬಗ್ಗೆ ಎರಡು ಮಾತು ಹೇಳಬೇಕಾಗಿದೆ.

ಇವರ ಕಥೆ ಆರಂಭವಾಗುವುದು ನಮ್ಮದೇ ಬೆಳೆಯಿಂದ. 19ನೇ ಶತಮಾನದಲ್ಲಿ ಕಂಗಾಣಿಗಳು ತಮಿಳು ನಾಡಿನ ಬಡ ಹಳ್ಳಿಗಳಿಂದ ಜನರನ್ನು ಸಿಲೋನಿಗೆ ಕರೆದೊಯ್ದದ್ದು ಕಾಫಿ ತೋಟಗಳಿಗಾಗಿ. ಕಾಫಿಗೆ ಆಳು ಬೇಕಾದದ್ದು ಕೊಯ್ಲಿನ ಕೆಲವು ತಿಂಗಳು. ಹೆಚ್ಚಾಗಿ ಗಂಡಸರೇ ಹೋಗಿ ಬರುತ್ತಿದ್ದರು. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ವರ್ಷಗಳೊಳಗೆ ಕಾಫಿ ನೆಲಕಚ್ಚಿ, ಗುಡ್ಡಗಳಲ್ಲಿ ಚಹಾ ಬಂತು. ಚಹಾ ಚಿಗುರನ್ನು ವರ್ಷವಿಡೀ ಕೀಳಬೇಕು. ಅದಕ್ಕೆ ಹೆಂಗಸರ ಕೈ ಬೇಕಾಯಿತು. ಕುಟುಂಬಗಳು ಲೈನು ಮನೆಗಳಲ್ಲಿ ನೆಲೆನಿಂತವು.

ಹೀಗೆ ತಲೆಮಾರುಗಳು ದುಡಿದ ಮೇಲೆ, 1948ರ ಪೌರತ್ವ ಕಾಯ್ದೆಯಿಂದ ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳೂ ಅರ್ಧರ್ಧ ಹಂಚಿಕೊಂಡವು. ನಾವು ಅಂಗಳದ ಅಡಿಕೆ ರಾಶಿ ಪಾಲು ಮಾಡುವಂತೆ ಮನುಷ್ಯರ ಪಾಲು ನಡೆಯಿತು. ಅಕ್ಕ ಅಲ್ಲಿ, ತಂಗಿ ಇಲ್ಲಿ ಆದ ಮನೆಗಳು ಎಷ್ಟೋ. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಶಿಬಿರಕ್ಕೆ ಬಂದವರಲ್ಲಿ ಕೆಲವರಿಗೆ ನಮ್ಮ ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು.

ನಮ್ಮ ತೋಟಕ್ಕೆ ಬರುವ ಒಬ್ಬ ಹೆಂಗಸು ಹನ್ನೆರಡು ವರ್ಷದ ಹುಡುಗಿಯಾಗಿ ಆ ಹಡಗು ಹತ್ತಿದವರು. ಚಿಗುರು ಕೀಳುವ ತಾಯಿಯ ಮಗಳು ಇಲ್ಲಿ ರಬ್ಬರ್ ಹಾಲು ತೆಗೆಯಲು ಕಲಿತರು, ಅಡಿಕೆ ಸುಲಿಯಲು ಕಲಿತರು, ಕನ್ನಡ ಕಲಿತರು, ತುಳುವನ್ನೂ ಕಲಿತರು. "ಅಲ್ಲಿ ನಮ್ಮನ್ನು ಇಂಡಿಯಾದವರು ಅಂದರು, ಇಲ್ಲಿ ಸಿಲೋನಿನವರು ಅಂತೀರಿ. ನಮ್ಮ ಊರು ಯಾವುದು ಗೌಡ್ರೇ?" ಎಂದು ಒಮ್ಮೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ರಬ್ಬರ್ ತೋಟದಿಂದ ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ನಮ್ಮಲ್ಲಿ ದುಡಿದರು. ಗಂಡ ತೀರಿಕೊಂಡಾಗ, ಆಕೆ ಎಷ್ಟು ವರ್ಷ ಕೆಲಸ ಮಾಡಿದ್ದಾರೆಂದು ಒಂದು ಕಾಗದ ಬರೆದುಕೊಡಬೇಕಾಗಿ ಬಂತು. ಹಾಜರಿ ಪುಸ್ತಕ ತಿರುವಿದೆವು. ಪುಟಪುಟದಲ್ಲೂ ಗಂಡನ ಹೆಸರು. ಅದರ ಮುಂದೆ 'ಇಬ್ಬರು' ಎಂಬ ಒಂದು ಶಬ್ದ. ಕೂಲಿಯೂ ಆತನ ಕೈಗೇ ಹೋಗಿತ್ತು. ಬರೆದದ್ದು ನಮ್ಮ ಕೈಯೇ. ತಪ್ಪನ್ನು ಬೇರೆಯವರ ಮೇಲೆ ಹೊರಿಸುವಂತಿಲ್ಲ. 1976ರಲ್ಲೇ ಸಮಾನ ವೇತನದ ಕಾಯ್ದೆ ಬಂದಿತ್ತು. ಸಮಾನ ಕೂಲಿ ಕೊಟ್ಟೆವೆಂದು ನಾವು ಹೆಮ್ಮೆಪಡುತ್ತಿದ್ದೆವು. ಆದರೆ ಕೊಟ್ಟದ್ದು ಯಾರಿಗೆ?

"ಗಂಡನಿಗೆ ಕೊಟ್ಟರೂ ಮನೆಗೇ ಹೋಗುತ್ತದಲ್ಲ, ಇಷ್ಟು ಸಣ್ಣ ತೋಟಕ್ಕೆ ಇಷ್ಟೊಂದು ಲೆಕ್ಕವೇಕೆ?" ಎಂದು ಕೆಲವು ಸದಸ್ಯರು ಕೇಳಬಹುದು. ಸಂಘದಲ್ಲಿ ನಮ್ಮ ಮೂಟೆಯನ್ನು ಅಣ್ಣನ ಖಾತೆಗೆ ಬರೆದು "ಮನೆಗೇ ಹೋಯಿತಲ್ಲ" ಎಂದರೆ ನಾವು ಸುಮ್ಮನಿರುತ್ತೇವೆಯೇ? ಎರಡು ದೇಶಗಳ ಕಾಗದಪತ್ರಗಳ ನಡುವೆ ಕಳೆದುಹೋಗಿದ್ದವರಿಗೆ ಕಾಗದದ ಮೇಲಿನ ಹೆಸರಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಕೊಯ್ಲಿನಿಂದ ಪ್ರತಿ ಹೆಂಗಸಿನ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕೂಲಿಯನ್ನು ಆಕೆಯ ಕೈಗೇ, ಇಲ್ಲವೇ ಆಕೆಯ ಖಾತೆಗೇ ಕೊಡಿ. ಸಿಲೋನಿನಿಂದ ಬಂದವರಿಗೆ ಮಾತ್ರವಲ್ಲ, ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬರುತ್ತಿರುವವರಿಗೂ ಇದೇ ಕ್ರಮವಿರಲಿ. ನಮ್ಮ ತೋಟದಲ್ಲಿ ಹೊಸ ಪುಸ್ತಕ ತೆರೆದಾಗಿದೆ. ಮೊದಲ ಸಾಲಿನಲ್ಲಿ ಆಕೆಯ ಹೆಸರಿದೆ. ಊರಿನ ಅಂಕಣದಲ್ಲಿ ನಮ್ಮೂರಿನ ಹೆಸರನ್ನೇ ಬರೆದಿದ್ದೇವೆ.